ಹಳಿಯಾಳದ ಹುಡುಗಿ ಕೇಳಿದ ಪ್ರಶ್ನೆ

ಧಾರವಾಡದಿಂದ ಹಳಿಯಾಳದ ಬಸ್ಸು ಹತ್ತಿದರೆ ಬಯಲು ಮುಗಿದು ಕಾಡು ಶುರುವಾಗುತ್ತದೆ. ಈ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿಯರು ವಾಸಿಸುತ್ತಾರೆ. ಗುಂಗುರು ಕೂದಲು, ದಟ್ಟ ಕಪ್ಪು ಮೈಬಣ್ಣ. ಮಾತು ಮಾತ್ರ ನಮ್ಮದೇ ಉರ್ದು, ಕನ್ನಡ, ಕೊಂಕಣಿ. ಅವರಲ್ಲಿ ಮುಸ್ಲಿಮರೂ ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಇವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರಿಗೆ ಈ ಕಾಡು ಆಸರೆಯಾಯಿತು. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು.

ನಾವು ಹೋದ ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಹಳೆಯ ಸೀರೆಯ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದರು. ನಾಲ್ಕು ಮೂಲೆಗೂ ‘ಫೂಲ್’ ಇಡದಿದ್ದರೆ ಕೌದಿ ಪೂರ್ತಿಯಾಗುವುದಿಲ್ಲವಂತೆ. “ಈ ಹುಡುಗಿ ಏನು ಕೇಳುತ್ತಾಳೆ ಗೊತ್ತಾ ಆಪಾ? ಕ್ರೀಮ್ ಹಚ್ಚಿದರೆ ಬೆಳ್ಳಗಾಗ್ತೀನಾ ಅಂತ” ಎಂದರು. ಮೊಮ್ಮಗಳನ್ನು ಶಾಲೆಯಲ್ಲಿ ಯಾರೋ ಹಂಗಿಸಿದ್ದರು. ನಮ್ಮ ಮನೆಗಳಲ್ಲೂ ಹೆಣ್ಣು ನೋಡಲು ಬಂದವರು ಮೊದಲು ಅಳೆಯುವುದು ಬಣ್ಣವನ್ನೇ ತಾನೇ?

ಚರ್ಮದ ಹೊರಪದರದ ತಳದಲ್ಲಿ ಮೆಲನಿನ್ ಎಂಬ ಬಣ್ಣ ತಯಾರಿಸುವ ಜೀವಕೋಶಗಳಿವೆ. ಬಿಳಿಯರಲ್ಲೂ ಕಪ್ಪಗಿನವರಲ್ಲೂ ಇವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ! ವ್ಯತ್ಯಾಸವಿರುವುದು ಮೆಲನಿನ್‌ನ ಪ್ರಮಾಣ, ಬಗೆ ಹಾಗೂ ಅದರ ಕಣಗಳ ಗಾತ್ರದಲ್ಲಿ. ಈ ಕಣಗಳು ಸುತ್ತಲಿನ ಜೀವಕೋಶಗಳನ್ನು ಸೇರಿ, ಅವುಗಳ ನಡುಭಾಗದ ಮೇಲೆ ಬಿಸಿಲು ಬೀಳುವ ಕಡೆಗೆ ಟೋಪಿಯಂತೆ ಕೂರುತ್ತವೆ. ಒಳಗಿರುವ ಡಿಎನ್‌ಎಗೆ ಅತಿನೇರಳೆ ಕಿರಣ ತಾಗದಂತೆ ಇದು ಕೊಡೆ. ಗರ್ಭಿಣಿಯರಿಗೆ ಫೋಲಿಕ್ ಆಸಿಡ್ ಮಾತ್ರೆ ಕೊಡುತ್ತಾರಲ್ಲ, ದೇಹದಲ್ಲಿರುವ ಆ ಜಾತಿಯ ಜೀವಸತ್ವವನ್ನೂ ಪ್ರಖರ ಬಿಸಿಲಿನಿಂದ ಕಾಪಾಡಲು ಕಪ್ಪು ಚರ್ಮ ನೆರವಾಗುತ್ತದೆಂದು ಹಲವು ವಿಜ್ಞಾನಿಗಳ ಅಭಿಪ್ರಾಯ. ಬಿಸಿಲು ಕಡಿಮೆಯಿರುವ ಉತ್ತರದ ನಾಡುಗಳಲ್ಲಿ ವಿಟಮಿನ್ ಡಿ ತಯಾರಾಗಲು ತೆಳುಬಣ್ಣ ಅನುಕೂಲವಾಯಿತು. ಇದೆಲ್ಲ ಸಾವಿರಾರು ವರ್ಷಗಳ ಲೆಕ್ಕ. ಗೋವಾಕ್ಕೆ ಬಂದ ಮೇಲಿನ ಕೆಲವು ನೂರು ವರ್ಷ ಏನೂ ಅಲ್ಲ. ಭಾಷೆ, ಬಣ್ಣಗಳ ವೈವಿಧ್ಯವನ್ನು ಪವಿತ್ರ ಕುರ್‌ಆನ್ (30:22) ಅಲ್ಲಾಹನ ನಿದರ್ಶನಗಳಲ್ಲಿ ಎಣಿಸಿದೆ.

ಹುಡುಗಿ ಸುಮ್ಮನೆ ಕೇಳಿದಳು. ಆಮೇಲೆ ಅಂಗೈ ತೋರಿಸಿ, “ಇದು ಮಾತ್ರ ಯಾಕೆ ಬೆಳ್ಳಗಿದೆ?” ಎಂದಳು. ಜಾಣೆ! ಅಂಗೈಯ ಚರ್ಮ ದಪ್ಪ, ಬಣ್ಣದ ಜೀವಕೋಶಗಳು ಅಲ್ಲಿ ಕಡಿಮೆ ಎಂದೆ. ನನ್ನ ಕೈಯನ್ನೂ ತಿರುಗಿಸಿ ನೋಡಿದಳು.

ಇನ್ನು ಆ ಕ್ರೀಮಿನ ವಿಷಯ. ಕೆಲವು ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಬೆರೆತಿರುತ್ತದೆ. ಅದು ಮೆಲನಿನ್ ತಯಾರಿಕೆಯನ್ನು ತಡೆಯುತ್ತದೆ, ನಿಜ. ಆದರೆ ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನೂ ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಇಂಥ ಕ್ರೀಮು ಹಚ್ಚಿಕೊಂಡವರಲ್ಲಿ ಮೂತ್ರಪಿಂಡದ ರೋಗವನ್ನು ವೈದ್ಯರು ಪತ್ತೆಹಚ್ಚಿದರು. ತಯಾರಕರ ಹೆಸರು, ವಿಳಾಸವಿಲ್ಲದ ಡಬ್ಬಿಯೇನಾದರೂ ನಿಮ್ಮ ಮಗಳ ಕಪಾಟಿನಲ್ಲಿದೆಯೇ? ಇವತ್ತೇ ಒಮ್ಮೆ ನೋಡಿ.