ಹುಡುಗರ ಹೆಸರು ಬರೆದುಕೊಳ್ಳುತ್ತಿದ್ದವನು

2018ರ ಮೇ ತಿಂಗಳ ಕೊನೆ. ವಿಧಾನಸಭೆ ಚುನಾವಣೆ ಮುಗಿದಿತ್ತು, ಸರ್ಕಾರದ ಮಾತು ಇನ್ನೂ ಕಟ್ಟೆ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಜಮಖಂಡಿಯಿಂದ ಬೀಳಗಿವರೆಗೆ ಎಲ್ಲರ ಮೊಬೈಲಿಗೂ ಇನ್ನೊಂದು ಸುದ್ದಿ ಹೊಕ್ಕಿತು. ಮಕ್ಕಳ ಕಳ್ಳರು ಬಂದಾರ, ಹುಡುಗರನ್ನ ಹೊರಗ ಬಿಡಬ್ಯಾಡ್ರಿ. ಜತೆಗೊಂದು ವಿಡಿಯೊ: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ತಂದೆತಾಯಿಗಳ ಎಚ್ಚರಿಕೆಗೆಂದು ಮಾಡಿದ ಚಿತ್ರ. ಕೊನೆಗೆ ಅವರೇ ಹುಡುಗನನ್ನು ತಂದುಬಿಟ್ಟು ಫಲಕ ಹಿಡಿದು ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಹರಿಯಬಿಟ್ಟಿದ್ದರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು.

ಅದಾಗಿ ಎರಡು-ಮೂರು ದಿನಕ್ಕೆ ಮುಧೋಳ ತಾಲೂಕಿನ, ಘಟಪ್ರಭೆಯ ದಂಡೆಯ ಒಂದು ಹಳ್ಳಿಗೆ ಹೆಳವ ಬಂದ. ನಾನು ಅಲ್ಲಿ ಬೀಗರ ಮನೆಗೆ ಹೋಗಿದ್ದೆ.

ಹೆಳವರು ನಮ್ಮ ಕಡೆಯ ಒಕ್ಕಲು ಮನೆಗಳಿಗೆ ಹೊಸಬರಲ್ಲ. ಸುಗ್ಗಿ ಮುಗಿದ ಮೇಲೆ, ಕೆಲವು ವರ್ಷಕ್ಕೊಮ್ಮೆ ಬಂದು ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ, ಮದುವೆಯಾದವರ ಹೆಸರು ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ, ಅನುಕೂಲವಿದ್ದವರು ಆಕಳು, ಹೀಗೆ ಕೊಟ್ಟದ್ದನ್ನು ತೆಗೆದುಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಹಿಂದೆ ಎತ್ತಿನ ಮೇಲೆ ಕುಳಿತು ಬರುತ್ತಿದ್ದರು. ಇವನು ಬಸ್ಸಿಗೆ ಬಂದಿದ್ದ. ಜತೆಗೊಂದು ಎತ್ತಿದ್ದಿದ್ದರೆ ದೂರದಿಂದಲೇ ಗುರುತು ಸಿಗುತ್ತಿತ್ತು.

ನಡು ಮಧ್ಯಾಹ್ನ. ದೊಡ್ಡವರು ಬಹಳಷ್ಟು ಮಂದಿ ಹೊಲದಲ್ಲಿ, ಉಳಿದವರು ಮುಧೋಳದ ಪ್ಯಾಟಿಯಲ್ಲಿ. ಸೂಟಿ ಇದ್ದ ಹುಡುಗರು ಓಣಿಯಲ್ಲಿ ಆಡುತ್ತಿದ್ದರು. ಅವನು ಒಂದು ಮನೆಯ ಮುಂದೆ ನಿಂತು, ಬಟ್ಟೆ ಸುತ್ತಿದ್ದ ದಪ್ಪ ಪುಸ್ತಕ ಬಿಚ್ಚಿ, ಒಬ್ಬ ಹುಡುಗಿಯನ್ನು ಕೇಳಿದ: ನಿನ್ನ ಹೆಸರೇನವಾ, ನಿಮ್ಮಪ್ಪನ ಹೆಸರೇನು, ನಿನ್ನ ತಮ್ಮಗ ಎಷ್ಟು ವರ್ಷ? ಕೇಳಿ ಬರೆದುಕೊಳ್ಳತೊಡಗಿದ. ತಲೆತಲಾಂತರದಿಂದ ಅವರು ಮಾಡಿಕೊಂಡು ಬಂದ ಕೆಲಸವೇ ಅದು. ಆ ವಾರ ಅದಕ್ಕಿಂತ ಅಪಾಯದ ಕೆಲಸ ಇನ್ನೊಂದಿರಲಿಲ್ಲ.

ಎದುರು ಮನೆಯ ಹುಡುಗನೊಬ್ಬ ನೋಡಿದ. ಐದು ನಿಮಿಷಕ್ಕೆ ಅಗಸಿಯಿಂದ ಹತ್ತು ಮಂದಿ ಬಂದರು, ಹತ್ತು ನಿಮಿಷಕ್ಕೆ ಓಣಿ ತುಂಬಿತು. "ಹುಡುಗರ ಹೆಸರು ಯಾಕ ಬೇಕೋ ನಿನಗ? ಯಾರು ಕಳಿಸ್ಯಾರ?" ಅವನು ಕೈಮುಗಿದು "ನಾ ಹೆಳವ್ರಾಂವರೀ ಯಪ್ಪಾ" ಅನ್ನುತ್ತಲೇ ಇದ್ದ. ಒಬ್ಬ ಅವನ ಪುಸ್ತಕ ಕಸಿದುಕೊಂಡ, ಇನ್ನೊಬ್ಬ ಕೊರಳಪಟ್ಟಿ ಹಿಡಿದ. "ಬೆಂಗಳೂರಾಗ ಹಿಂಗ ಒಬ್ಬಾವ ಸಿಕ್ಕಿದ್ದ" ಎಂದು ಹಿಂದಿನಿಂದ ಯಾರೋ ಕೂಗಿದರು. ಮೊಬೈಲುಗಳು ಮೇಲೆದ್ದವು. ಹೊಡೆಯಲು ನಿಂತವರು ಕೆಟ್ಟವರಲ್ಲ, ಇದನ್ನು ಖಂಡಿತ ಹೇಳಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದವರೇ ಮುಂದೆ ನಿಂತಿದ್ದರು.

ಆಗ ಆ ಮನೆಯ ಆಯಿ ಕೋಲೂರಿಕೊಂಡು ಹೊರಗೆ ಬಂದಳು. ಎಂಬತ್ತು ದಾಟಿದ ಜೀವ. ಗದರಿಸಲಿಲ್ಲ, ಅಡ್ಡ ಬೀಳಲಿಲ್ಲ. "ಅವನ ಪುಸ್ತಕ ಅವಗ ಕೊಡ್ರಿ. ತಮ್ಮಾ, ನೀ ಹೆಳವ ಇದ್ರ ನಮ್ಮ ಮನಿ ಹೇಳು" ಎಂದಳು.

ಅವನ ಕೈ ನಡುಗುತ್ತಿತ್ತು. ಪುಸ್ತಕ ತೆರೆಯಲೇ ಇಲ್ಲ, ಬಾಯಿಂದಲೇ ಶುರು ಮಾಡಿದ. ಆ ಮನೆತನ ಯಾವ ಊರಿನಿಂದ ಎದ್ದು ಬಂತು, ಮೊದಲು ಹೊಲ ಹಿಡಿದವನು ಯಾರು, ಅವನ ಮಕ್ಕಳು ಯಾರು, ಯಾವ ಮಗ ದತ್ತಕ ಹೋದ, ಯಾವ ಮಗಳನ್ನು ಯಾವ ಊರಿಗೆ ಕೊಟ್ಟರು. ಹೇಳುತ್ತ ಹೇಳುತ್ತ ಆಯಿಯ ಗಂಡನ ಹೆಸರಿಗೆ ಬಂದ. ಅವನ ಮಕ್ಕಳ ಹೆಸರು ಹೇಳುವಾಗ, ನೆರೆದವರು ಯಾರೂ ಕೇಳಿರದ ಒಂದು ಹೆಸರನ್ನು ಮೊದಲು ಹೇಳಿದ. ಆಯಿಯ ಚೊಚ್ಚಲ ಮಗ, ವರ್ಷ ತುಂಬುವ ಮೊದಲೇ ತೀರಿಹೋದವನು. ಅವಳ ಮೊಮ್ಮಕ್ಕಳಿಗೂ ಅದು ಗೊತ್ತಿರಲಿಲ್ಲ. ಆಯಿ ಅಲ್ಲೇ ಕಟ್ಟೆಗೆ ಕುಸಿದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕೊರಳಪಟ್ಟಿ ಹಿಡಿದಿದ್ದವನು ಕೈ ಬಿಟ್ಟ. ಸಂಜೆ ಹೆಳವನಿಗೆ ಎರಡು ಪಡಿ ಜೋಳ ಹೆಚ್ಚೇ ಸಿಕ್ಕಿತು. ಆದರೆ ಉಣ್ಣಲು ಕೂತವನಿಗೆ ತುತ್ತು ಇಳಿಯಲಿಲ್ಲ.

ಇದಾಗಿ ಒಂದು ತಿಂಗಳಿಗೆ, ಜುಲೈ 1ರಂದು, ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬಲ್ಲಿ ಸಂತೆಯ ದಿನ ಐವರನ್ನು ಇದೇ ಸಂಶಯದ ಮೇಲೆ ಕೊಂದರು. ಎಳೆದೊಯ್ದು ಹೊಡೆದದ್ದು ಗ್ರಾಮ ಪಂಚಾಯಿತಿಯ ಕೋಣೆಯಲ್ಲಿ. ಸತ್ತವರು ನಾಥಪಂಥಿ ಡವರಿ ಗೋಸಾವಿಗಳು, ಭಿಕ್ಷೆ ಬೇಡಿ ಬದುಕುವ ಅಲೆಮಾರಿಗಳು. ಅವರಲ್ಲಿ ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನವರು. ನಮಗೆ ವಿಜಯಪುರ ದಾಟಿದರೆ ಸಿಗುವ, ಬಸವಣ್ಣನವರ ಹೆಸರಿನೊಂದಿಗೆ ಬೆರೆತ ಮಂಗಳವೇಢೆ. ರಾಯಿನ್‌ಪಾಡಾದಲ್ಲಿ ಅವರ ಮನೆತನ ಬಲ್ಲ ಆಯಿ ಒಬ್ಬಳೂ ಇರಲಿಲ್ಲ. ಅದೇ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಎದ್ದ ಗದ್ದಲದಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಸತ್ತ. ಆಮೇಲೆ ವಾಟ್ಸಾಪ್ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ಹಾಕಿತು. ಗುಂಪು ಹತ್ಯೆ ತಡೆಯಲು ಪ್ರತಿ ಜಿಲ್ಲೆಗೂ ನೋಡಲ್ ಅಧಿಕಾರಿ ಇರಬೇಕೆಂದು ಸುಪ್ರೀಂ ಕೋರ್ಟ್ ಜುಲೈ 17ರಂದು ಹೇಳಿತು.

ತಪ್ಪನ್ನೆಲ್ಲ ಮೊಬೈಲಿನ ಮೇಲೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಅಜ್ಜಿಯರು ಹಟ ಮಾಡುವ ಮಕ್ಕಳಿಗೆ "ಚೀಲದಾಂವ ಬಂದಾನ" ಎಂದೇ ಹೆದರಿಸುತ್ತಿದ್ದರು. ಕೆರೆ ತುಂಬಬೇಕಾದರೆ, ಕಟ್ಟಡ ನಿಲ್ಲಬೇಕಾದರೆ ಬಲಿ ಬೇಕು ಎಂಬ ನಂಬಿಕೆ 'ಕೆರೆಗೆ ಹಾರ' ಹಾಡಿನ ಕಾಲದಿಂದ ಜನರ ಮನಸ್ಸಿನಲ್ಲಿದೆ. 2019ರಲ್ಲಿ ಬಾಂಗ್ಲಾದೇಶದಲ್ಲಿ ಪದ್ಮಾ ನದಿಯ ಸೇತುವೆಗೆ ಮನುಷ್ಯರ ತಲೆ ಬೇಕಂತೆ ಎಂಬ ಗಾಳಿಮಾತಿಗೆ ಹಲವರು ಪ್ರಾಣ ಕಳೆದುಕೊಂಡರು. ಮಾತು ಹಳೆಯದು, ಗಾಡಿಯಷ್ಟೇ ಹೊಸದು.

ನನ್ನ ತಂದೆಯ ಕಾಲದ ಹೆದರಿಕೆಗಳು ಬೇರೆ ಬಗೆಯವು. 1962ರ ಫೆಬ್ರುವರಿಯಲ್ಲಿ ಅಷ್ಟಗ್ರಹ ಕೂಟ, ಲೋಕ ಮುಳುಗುತ್ತದೆ ಎಂದು ದೇಶದ ತುಂಬ ಹೋಮ-ಹವನ. 1979ರ ಜುಲೈನಲ್ಲಿ ಅಮೆರಿಕದ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆ ಎಂಬ ದಿಗಿಲು. ನಾನಾಗ ಸಣ್ಣವ. ಇದ್ದ ಕೋಳಿ ಕೊಯ್ದು ಉಂಡುಬಿಡೋಣ ಎಂದವರ ನೆನಪಿದೆ. ಅದು ಆಸ್ಟ್ರೇಲಿಯಾದ ಕಡೆ ಬಿತ್ತು, ಮರುದಿನ ಎಲ್ಲರೂ ಹೊಲಕ್ಕೆ ಹೋದರು. ಆಕಾಶದಿಂದ ಬೀಳುವ ಹೆದರಿಕೆಗೆ ಒಂದು ತಾರೀಕು ಇರುತ್ತದೆ, ಅದು ದಾಟಿದರೆ ಮುಗಿಯಿತು. ಓಣಿಯಲ್ಲಿ ನಡೆದು ಬರುವ ಹೆದರಿಕೆಗೆ ತಾರೀಕಿಲ್ಲ. ಅದು ಒಬ್ಬ ಮನುಷ್ಯನನ್ನು ಹುಡುಕುತ್ತದೆ.

2020ರಲ್ಲಿ ಇದನ್ನೇ ಕಂಡೆವು. ಕೋಳಿಯಿಂದ ಕೊರೊನಾ ಬರುತ್ತದೆಂಬ ಸುದ್ದಿಗೆ ಧಾರಣೆ ಕುಸಿದು, ಪಕ್ಕದ ಗೋಕಾಕ ತಾಲೂಕಿನ ಸಾಕಣೆದಾರರೊಬ್ಬರು ಸಾವಿರಾರು ಜೀವಂತ ಕೋಳಿಗಳನ್ನು ಗುಂಡಿಗೆ ಹಾಕಿ ಮುಚ್ಚಿದರು. ಏಪ್ರಿಲ್ ಹೊತ್ತಿಗೆ ಅದೇ ಭಯ ಮನುಷ್ಯರ ಬೆನ್ನು ಹತ್ತಿತು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ, ಕೃಷ್ಣೆಯಲ್ಲಿ ಮೀನು ಹಿಡಿಯಲು ಬಂದ ಮುಸ್ಲಿಮರನ್ನು ರೋಗ ತಂದವರೆಂದು ಅಡ್ಡಗಟ್ಟಿ ಓಡಿಸಿದರು. ಅವರು ಕೈಮುಗಿದು ನಿಂತ ವಿಡಿಯೊ ನೋಡಿದಾಗ ನನಗೆ ಹೆಳವನೇ ಕಂಡ.

ಮುಂದಿನ ದೊಡ್ಡ ಹೆದರಿಕೆ ಯಾವುದು ಎಂದು ಹುಡುಗರು ಕೇಳುತ್ತಾರೆ. ಅದರ ಹೆಸರು ನಾನು ಹೇಳಲಾರೆ. ನಮಗೆ ಬಹಳ ಬೇಕಾದದ್ದನ್ನೇ, ಮಕ್ಕಳನ್ನೋ ಆರೋಗ್ಯವನ್ನೋ ಬ್ಯಾಂಕಿನ ಹಣವನ್ನೋ, ಹಿಡಿದು ಅದು ಬರುತ್ತದೆ. ಈಗ ಯಾರ ದನಿಯನ್ನಾದರೂ ಯಂತ್ರದಿಂದ ಹುಟ್ಟಿಸಬಹುದು. ಹಾಗಾಗಿ ನಿಮ್ಮ ಮಾವನ, ಮೇಷ್ಟ್ರ ದನಿಯಲ್ಲೇ ಬಂದೀತು. ಆದರೆ ಅದು ಯಾರ ಮೇಲೆ ಬೀಳುತ್ತದೆ ಎಂದು ಇವತ್ತೇ ಹೇಳಬಲ್ಲೆ: ಊರಲ್ಲಿದ್ದೂ ಊರಿಗೆ ಹೆಸರು ಗೊತ್ತಿಲ್ಲದವನ ಮೇಲೆ. ಕಬ್ಬು ಕಡಿಯಲು ಬೀಡ್ ಕಡೆಯಿಂದ ಬರುವವರು, ಕಟ್ಟಡದ ಕೆಲಸಕ್ಕೆ ಉತ್ತರದಿಂದ ಬಂದ ಹುಡುಗರು, ಬುಡಬುಡಿಕೆಯವರು, ತಲೆ ಸರಿಯಿಲ್ಲದೆ ಬಸ್ ಸ್ಟ್ಯಾಂಡಿನಲ್ಲಿ ಮಲಗುವವರು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಜಾತಿ, ಭಾಷೆ, ಹುಟ್ಟಿದ ಊರಿನಂಥ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆಯಿದೆ. ಕಾನೂನು ಕೊಂದ ಮೇಲೆ ಬರುತ್ತದೆ. ಅದಕ್ಕೂ ಮೊದಲು ನಮ್ಮಿಂದ ಆಗುವ ಕೆಲಸ ಒಂದಿದೆ. ಈ ಸಲ ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗಿ ಕಬ್ಬು ಕಡಿಯುವ ಗ್ಯಾಂಗಿನವರು ಗುಡಿಸಲು ಹಾಕಿದ ದಿನವೇ ಹೋಗಿ, ಅವರ ಮುಖಂಡ ಮುಕಾದಮನ ಹೆಸರು, ಅವರ ಊರು, ಮಕ್ಕಳ ಹೆಸರು ಕೇಳಿಕೊಂಡು ಬನ್ನಿ. ನಿಮ್ಮ ಹೆಸರನ್ನೂ ಹೇಳಿ ಬನ್ನಿ. ಮಗುವಿಗೆ ಏನಾದರೂ ಆಗಿದ್ದರೆ 1098ಕ್ಕೆ, ಯಾರ ಮೇಲಾದರೂ ಸಂಶಯ ಬಂದರೆ 112ಕ್ಕೆ ಫೋನು ಮಾಡಿ. ಪೊಲೀಸರು ಬರುವ ತನಕ ಆ ಮನುಷ್ಯನ ಪಕ್ಕದಲ್ಲಿ ನೀವೇ ನಿಲ್ಲಿ.