ಜೋಡಿಸಿದ ನಾಳಗಳು

ಹೃದಯಕ್ಕೆ ಜೋಡಿಸಿದ ನಾಳವು ಶಾಶ್ವತವಲ್ಲ. 1967ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಡಾಕ್ಟರ್ ಫವಲೋರೊ ಎಂಬವರು ರೂಢಿಗೆ ತಂದ ಬೈಪಾಸ್ ಕ್ರಮದಲ್ಲಿ ಕಾಲಿನ ಸಿರೆಯನ್ನು ತೆಗೆದು ಹೊಲಿಯುವರು. ಇಂತಹ ಸಿರೆಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು 10 ವರ್ಷಗಳಲ್ಲಿ ಮುಚ್ಚುವುವು, ಇಲ್ಲವೆ ಕಿರಿದಾಗುವುವು. ಎದೆಯೊಳಗಣ ಧಮನಿಯನ್ನೇ ಜೋಡಿಸಿದಲ್ಲಿ ಅದು ಬಹುಕಾಲ ಬಾಳುವುದು.

ನನಗೆ ಈ ಚಿಕಿತ್ಸೆಯಾಗಿ ಎಂಟು ವರ್ಷ. ಈಚೆಗೆ ವಿನೋಬನಗರದ ನಮ್ಮ ಮನೆಯ ಮೆಟ್ಟಿಲೇರುವಾಗ ಎದೆ ಬಿಗಿಯತೊಡಗಿತು. ವೈದ್ಯರು ಧಮನಿಯೊಳಗೆ ನಳಿಕೆಯನ್ನು ತೂರಿಸದೆ, ತೋಳಿನ ಸಿರೆಗೆ ಅಯೋಡಿನ್ ಬೆರೆತ ದ್ರವವನ್ನು ಹೊಗಿಸಿ, ಕೆಲವು ಕ್ಷಣ ಉಸಿರು ಹಿಡಿಸಿ, ಸಿ.ಟಿ. ಯಂತ್ರದಿಂದ ಚಿತ್ರ ತೆಗೆದರು. ಮೂರು ನಾಳಗಳಲ್ಲಿ ಒಂದು ಮುಚ್ಚಿತ್ತು. ಈಗ ಔಷಧದಿಂದ ನೋವು ಹತೋಟಿಯಲ್ಲಿದೆ.

ಆ ದ್ರವವು ಮೂತ್ರಪಿಂಡಗಳಿಗೆ ಬಾಧಕವಾಗುವುದುಂಟು. ಕ್ಷ-ಕಿರಣವೂ ದೇಹಕ್ಕೆ ತಾಗುವುದು. ಆದುದರಿಂದ ಈ ಪರೀಕ್ಷೆಯನ್ನು ಕುತೂಹಲಕ್ಕಾಗಿ ಮಾಡಿಸತಕ್ಕದ್ದಲ್ಲ. ಆದರೆ ಎದೆನೋವು ಮರಳಿದಲ್ಲಿ ಗೃಹಸ್ಥರು ಅದನ್ನು ಅಜೀರ್ಣವೆಂದು ತಳ್ಳಿಹಾಕದೆ, ಒಡನೆಯೇ ವೈದ್ಯರಲ್ಲಿಗೆ ಹೋಗತಕ್ಕದ್ದು.