ಸಿರುಗುಪ್ಪದ ಗದ್ದೆ ಬದುವಿನ ಮೇಲೊಂದು ರಾತ್ರಿ

ದೀಪಾವಳಿಗೆ ಊರಿಗೆ ಹೋದಾಗ ಬ್ಯಾಗಲ್ಲಿ ಬಟ್ಟೆಗಿಂತ ಕ್ಯಾಮೆರಾ ಸಾಮಾನೇ ಜಾಸ್ತಿ ಇತ್ತು. ಹಲ್ಲಿ ನಕ್ಷತ್ರಪುಂಜದ ಬಿಎಲ್ ಲ್ಯಾಸರ್ಟೆಯನ್ನು ಹಿಡೀಬೇಕಿತ್ತು. 1929ರಲ್ಲಿ ಅದನ್ನು ಬೆಳಕು ಏರಿಳಿಯುವ ನಕ್ಷತ್ರ ಅಂತ ಪಟ್ಟಿಗೆ ಸೇರಿಸಿದ್ರು. ಅದೇ ಜಾಗದಿಂದ ರೇಡಿಯೋ ಅಲೆ ಬರುತ್ತಿರೋದು ಗೊತ್ತಾಗಿದ್ದು 1968ರಲ್ಲಿ. ಅದು ನಕ್ಷತ್ರವೇ ಅಲ್ಲ, ಸುಮಾರು 90 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯ ನಡುಭಾಗ.

ಬಳ್ಳಾರಿ ಮನೆಯ ಮಹಡಿಯಿಂದ ಕೋಟೆ ಗುಡ್ಡದ ಮೇಲೆ ಕಂಡದ್ದು ನಾಲ್ಕೇ ಚುಕ್ಕಿ, ಉಳಿದದ್ದು ಪಟಾಕಿ ಹೊಗೆ. ಮರುದಿನ ಬೈಕ್ ಹತ್ತಿ ಕುರುಗೋಡಿಗೆ ಹೋದೆ. ದೊಡ್ಡಬಸವೇಶ್ವರನಿಗೆ ಕೈಮುಗಿದು, ಬಂಡೆಗುಡ್ಡದ ಮಗ್ಗುಲಲ್ಲಿ ಟ್ರೈಪಾಡ್ ಇಟ್ಟೆ. ತೋರಣಗಲ್ಲಿನ ಕಡೆ ಆಕಾಶ ಕೆಂಪಗಿದ್ರೂ ಉತ್ತರ ಕಪ್ಪಗಿತ್ತು. ಅರ್ಧ ಗಂಟೆಯಲ್ಲೇ ನನ್ನ ಚುಕ್ಕಿ ಮಂಕಾಗ್ತಾ ಬಂತು. ಗೆಳೆಯನಿಗೆ ಮೆಸೇಜೂ ಹಾಕಿಬಿಟ್ಟೆ! ಆಮೇಲೆ ಅಕ್ಕಪಕ್ಕದ ನಕ್ಷತ್ರ ಅಳೆದು ನೋಡಿದರೆ ಅವೂ ಅಷ್ಟೇ ಮಂಕು. ತೆಳು ಮೋಡ.

ಮರ್ಯಾದೆ ಹೋಯ್ತು, ಆದರೆ ಫೋಟೋ ದಂಡವಾಗಲಿಲ್ಲ. ಧೂಳು, ಮೋಡ ಒಂದೇ ಫ್ರೇಮಿನ ಎಲ್ಲ ಚುಕ್ಕಿಗಳನ್ನೂ ಒಂದೇ ಥರ ಮಂಕು ಮಾಡುತ್ತೆ. ಹಾಗಾಗಿ ನೆರೆಯ ನಕ್ಷತ್ರಗಳಿಗೆ ಹೋಲಿಸಿದಾಗ ಎಷ್ಟು ವ್ಯತ್ಯಾಸ ಅನ್ನೋದನ್ನೇ ಲೆಕ್ಕ ಹಿಡಿಯಬೇಕು.

ಮಾರನೇ ರಾತ್ರಿ ಸಿರುಗುಪ್ಪ, ಮಾವನವರ ಗದ್ದೆ. ಕಾಲುವೆ ನೀರಿನ ಭತ್ತ ತೆನೆಗೆ ಬಂದಿತ್ತು. ದೂರದಲ್ಲಿ ಟ್ರ್ಯಾಕ್ಟರ್ ಅಡ್ಡ ಹೋಗುತ್ತಿದ್ದಾಗ ದೀಪ ಕಾಣಲೇ ಇಲ್ಲ, ನಮ್ಮ ಕಡೆ ತಿರುಗಿದ ಕೂಡಲೇ ಕಣ್ಣು ಕುಕ್ಕಿತು. ಬ್ಲೇಜಾರ್ ಅಂದ್ರೂ ಇದೇ ಅಂತ ಮಾವನವರಿಗೆ ಹೇಳಿದೆ. ಕಪ್ಪುಕುಳಿಯ ಪಕ್ಕದಿಂದ ಚಿಮ್ಮುವ ಜೆಟ್ ಹೆಚ್ಚುಕಡಿಮೆ ನೇರ ನಮ್ಮ ಕಡೆ ಮುಖ ಮಾಡಿರುತ್ತೆ. ಅದರಲ್ಲಿ ಓಡುವ ಎಲೆಕ್ಟ್ರಾನುಗಳು ಕಣ್ಣಿಗೆ ಕಾಣುವ ಬೆಳಕನ್ನೂ ಕೊಡುತ್ತವೆ, ಬೆಳಕಿನ ಕಣಗಳನ್ನು ತಳ್ಳಿ ಗಾಮಾ ಕಿರಣವನ್ನೂ ಮಾಡಬಲ್ಲವು. ಗಾಮಾವನ್ನು 2008ರಿಂದ ಫರ್ಮಿ ಉಪಗ್ರಹ ನೋಡುತ್ತಿದೆ. ಬೆಳಕನ್ನು ನೋಡೋಕೆ ನಮ್ಮದೇ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿದೆ, ಅದನ್ನು ನಡೆಸೋದು ಹೊಸಕೋಟೆಯಿಂದ! ಎರಡೂ ಒಟ್ಟಿಗೆ ಏರಿದರೆ ಮೂಲ ಒಂದೇ ಇರಬಹುದು. ಬೆಳಕಷ್ಟೇ ಏರಿ ಗಾಮಾ ಸುಮ್ಮನಿದ್ದರೆ ತಲೆಬಿಸಿ ಶುರು.

ಲ್ಯಾಪ್‌ಟಾಪ್ ತೆರೆದು ಎರಡು ರಾತ್ರಿಯ ಲೆಕ್ಕ ಪಕ್ಕಪಕ್ಕ ಇಟ್ಟೆ. ನೆರೆಯ ನಕ್ಷತ್ರಗಳ ನಡುವಿನ ವ್ಯತ್ಯಾಸ ಹಾಗೇ ಇತ್ತು. ನನ್ನ ಚುಕ್ಕಿ ಮಾತ್ರ ಸುಮಾರು ಕಾಲು ಭಾಗ ಹೆಚ್ಚು ಬೆಳಗಿತ್ತು. ಒಂದೇ ದಿನದಲ್ಲಿ ಇಷ್ಟು ಬದಲಾದರೆ ಆ ಬೆಳಕಿನ ಜಾಗ ಗ್ಯಾಲಕ್ಸಿಯ ಮುಂದೆ ಒಂದು ಭತ್ತದ ಕಾಳಿನಷ್ಟೂ ಇಲ್ಲ.

"ಈ ಬೆಳಕು ಅಲ್ಲಿಂದ ಹೊಂಟು ಎಷ್ಟ್ ದಿನ ಆತಪಾ?" ಮಾವ ಕೇಳಿದರು.

"90 ಕೋಟಿ ವರ್ಷ, ಮಾವ."

"ಮತ್ತ ನಿನ್ನೆಗಿಂತ ಇವತ್ತು ಜಾಸ್ತಿ ಆಗೇತಿ ಅಂತ ಕುಣ್ಯಾಕತ್ತೀಯಲ್ಲೋ ಅಳಿಯ!"

ಬ್ಯಾಟರಿ ಇನ್ನೂ ಉಳಿದಿತ್ತು. ಮತ್ತೆ ಹತ್ತು ಫ್ರೇಮ್ ತೆಗೆದೆ.